ಹೊಟ್ಟೆಯೊಳಗೆ ಎರಡು ಉರಿ

ಹೊಲಿಗೆ ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಹಿರಿಸೊಸೆ ಮದುವೆಯಾಗಿ ಬಂದಂದಿನಿಂದ ಅಲ್ಲಿ ಕತ್ತರಿ ಹಿಡಿಯುವ ಕೈ ಅವಳದೊಂದೇ. ಕಿರಿಸೊಸೆ ಬಂದಳು ನೋಡಿ, ಹಾಲಿಗೆ ಹುಳಿ ಬಿದ್ದಂತಾಯಿತು. ಹಿಂಡಿದ್ದು ಅವಳಲ್ಲ. ಪಾಪ, ಬಾಯ್ತುಂಬ ‘ಅಕ್ಕಾ’ ಅನ್ನುತ್ತ ಬಂದವಳು. ಆದರೆ ಅವಳು ಕೂರಿಸಿದ ರವಿಕೆಯ ತೋಳು ಹೆಗಲಿನ ಮೇಲೆ ಮೈಯ ಚರ್ಮದ ಹಾಗೆ ಕೂರುತ್ತಿತ್ತು.

“ಚಿಕ್ಕವರೇ ಕತ್ತರಿಸಲಿ,” ಅಂದಳು ಹಳೆಯ ಗಿರಾಕಿಯೊಬ್ಬಳು, ಟೇಪು ಹಿಡಿದು ನಿಂತ ಹಿರಿಯವಳನ್ನು ದಾಟಿ ನೋಡುತ್ತ. “ಬೇಜಾರು ಮಾಡ್ಕೋಬೇಡಿ. ಗುಂಡಿ ನೀವೇ ಹಾಕಿ.”

ಗುಂಡಿಯಂತೆ! ಹಿರಿಯವಳ ಎದೆಗೂಡಿನ ಕೆಳಗೆ ಚುರ್ರೆಂದಿತು.

ಆ ಉರಿ ಮಧ್ಯಾಹ್ನವಾದರೂ ಇಳಿಯಲಿಲ್ಲ. ಊಟಕ್ಕೆ ಕೂತಾಗ ತಡೆಯಲಾರದೆ ಬಾಯಿಬಿಟ್ಟಳು: “ಅತ್ತೆ, ಯಾಕೋ ಹೊಟ್ಟೆ ಉರೀತಿದೆ.”

“ಉರೀದೆ ಇರುತ್ತೇನಮ್ಮ? ಗಿರಾಕಿಗಳೆಲ್ಲ ಚಿಕ್ಕವಳ ಮುಂದೆ ಸಾಲುಗಟ್ಟಿದಾರೆ!” ಅಂದರು ಅತ್ತೆ. ಅವಳ ಗಂಡನಿಗೆ ನಗು ತಡೆಯದೆ ತುತ್ತು ನೆತ್ತಿಗೆ ಹತ್ತಿತು.

ಹಿರಿಯವಳು ತಟ್ಟೆ ಸರಿಸಿ ಎದ್ದಳು. ಅತ್ತೆಯ ಮಾತು ಸುಳ್ಳಾಗಿರಲಿಲ್ಲವಲ್ಲ! ಅಂದಿನಿಂದ ಉರಿಯ ಮಾತನ್ನೇ ನುಂಗಿಕೊಂಡಳು. ಇದು ರೋಗವಲ್ಲ, ತನ್ನ ಪಾಪ ಎಂದೇ ತಿಳಿದಳು. ‘ದೇವರೇ, ಈ ಕಿಚ್ಚು ಆರಿಸು’ ಎಂದು ಕೈಮುಗಿದು, ಪಾಪ ಸುಡಲೆಂದು ಊಟ ಬಿಟ್ಟಳು. ಹೊಟ್ಟೆ ಖಾಲಿಯಾದಷ್ಟೂ ಉರಿ ಹೆಚ್ಚಿತು. ದೇವರಿಗೂ ಚಿಕ್ಕವಳೇ ಇಷ್ಟವೇನೋ ಅನ್ನಿಸಿತು. ದೇವರ ಮೇಲೂ ಒಂದಿಷ್ಟು ಹೊಟ್ಟೆಕಿಚ್ಚುಪಟ್ಟಳು.

ಒಂದು ದಿನ ಕೋಟಿನ ಒಳಪದರದ ಅಸ್ತರು ಕತ್ತರಿಸುತ್ತಿದ್ದವಳು ಬಟ್ಟೆಯ ಮೇಲೆಯೇ ಕುಸಿದಳು. ಕಿರಿಯವಳು ಕತ್ತರಿಯನ್ನು ದೂರ ಎಸೆದು, ಅಕ್ಕನನ್ನು ತೋಳಿಗೆ ಆನಿಸಿಕೊಂಡು ಆಸ್ಪತ್ರೆಗೆ ಒಯ್ದಳು.

ಅಲ್ಲಿನ ವೈದ್ಯೆ ಬೇರೆ ಸೀಮೆಯವಳು. ಪುಸ್ತಕ ಓದಿ ಭಾಷೆ ಕಲಿತವಳು.

“ತಮಗೆ ಏನು ತೊಂದರೆ?”

“ಏನಿಲ್ಲ,” ಅಂದಳು ಹಿರಿಯವಳು.

“ಅಕ್ಕಂಗೆ ಹೊಟ್ಟೆ ಉರಿ, ಡಾಕ್ಟ್ರೇ,” ಅಂದಳು ಕಿರಿಯವಳು. “ತಟ್ಟೆ ಮುಟ್ಟಲ್ಲ. ಯಾವಾಗ್ಲೂ ಇಲ್ಲಿ ಅದುಮಿಕೊಂಡಿರ್ತಾರೆ.”

ಹಿರಿಯವಳ ಮುಖ ಕೆಂಡವಾಯಿತು. ಪರರ ಮುಂದೆ ಮಾನ ಹರಾಜು ಹಾಕಿದಳಲ್ಲ ಇವಳು!

ವೈದ್ಯೆ ನಗಲಿಲ್ಲ. “ಉರಿ ಎಂದಿನಿಂದ?”

ಇನ್ನು ಮುಚ್ಚಿಟ್ಟೇನು ಫಲ? “ಇವಳು ನಮ್ಮನೆಗೆ ಬಂದಾಗಿಂದ,” ಎಂದು ತಲೆತಗ್ಗಿಸಿದಳು.

ವೈದ್ಯೆ ಕಿರಿಯವಳತ್ತ ಗಂಭೀರವಾಗಿ ತಿರುಗಿದಳು: “ತಾವು ಅಡುಗೆಗೆ ಖಾರವನ್ನು ಅಧಿಕವಾಗಿ ಹಾಕುವಿರೋ?”

ಕಿರಿಯವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಎಷ್ಟೋ ಕಾಲದ ಮೇಲೆ ಹಿರಿಯವಳಿಗೂ ನಗು ಬಂತು. ನಗುತ್ತಲೇ ನೋವಿಗೆ ಮುದುಡಿದಳು.

ಗಂಟಲಲ್ಲಿ ಕೊಳವೆ ಇಳಿಸಿ ನೋಡಿ ವೈದ್ಯೆ ಹೇಳಿದಳು: “ಹೊಟ್ಟೆಯಲ್ಲಿ ಹುಣ್ಣಾಗಿದೆ. ರಕ್ತ ಒಸರುತ್ತಿದೆ. ಇನ್ನೂ ತಡಮಾಡಿದ್ದರೆ ಪ್ರಾಣಕ್ಕೇ ಅಪಾಯವಿತ್ತು. ಇಷ್ಟು ಕಾಲ ಯಾರಿಗೂ ಏಕೆ ಹೇಳಲಿಲ್ಲ?”

ಹೇಳಿದ್ದೆ. ಹೇಳಿದ ಮಾತಿಗೆ ನಮ್ಮಲ್ಲಿ ಬೇರೆಯೇ ಅರ್ಥವಿತ್ತು. ಇದನ್ನು ಈ ಪುಣ್ಯಾತಗಿತ್ತಿಗೆ ಹೇಗೆ ತಿಳಿಸುವುದು? ನಮ್ಮ ನುಡಿಗಟ್ಟು ಗೊತ್ತಿಲ್ಲದವಳಾಗಿದ್ದಕ್ಕೇ ತಾನು ಬದುಕಿದೆ ಎಂದುಕೊಂಡು ಹಿರಿಯವಳು ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು.

ಗುಳಿಗೆ ನಾಟಿತು. ಅವಳು ಮತ್ತೆ ಅಂಗಡಿಯಲ್ಲಿ ಕೂರುವ ಹೊತ್ತಿಗೆ ಅದೇ ಗಿರಾಕಿ ಬಾಗಿಲಲ್ಲಿ ಇಣುಕಿದಳು. “ಚಿಕ್ಕವರಿಲ್ವಾ?”

ಹಿರಿಯವಳು ಎದೆಗೂಡಿನ ಕೆಳಗೆ ಕೈ ಒತ್ತಿ ನೋಡಿಕೊಂಡಳು. ಅಲ್ಲಿ ತಣ್ಣಗಿತ್ತು. ಆದರೆ ಇನ್ನೊಂದು ಉರಿ, ಕೈಗೆ ಸಿಗದ್ದು, ಇದ್ದಲ್ಲೇ ಕದಲದೆ ಕೂತಿತ್ತು.

“ಹೊಟ್ಟೆ ಉರಿ ಹೇಗಿದೆಯಮ್ಮ?” ಒಳಗಿನಿಂದ ಅತ್ತೆ ಕೂಗಿದರು. ಈ ಸಲ ದನಿಯಲ್ಲಿ ಅಳುಕಿತ್ತು.

“ಒಂದು ಹೋಯ್ತು ಅತ್ತೆ. ಇನ್ನೊಂದಕ್ಕೆ ಗುಳಿಗೆ ಇಲ್ವಂತೆ!”

“ಎರಡಕ್ಕೂ ಮದ್ದು ಒಂದೇ, ಹೊತ್ತುಹೊತ್ತಿಗೆ ಊಟ ಮಾಡಕ್ಕ,” ಎಂದು ಕಿರಿಯವಳು ತಟ್ಟೆ ತಂದು ಮುಂದಿಟ್ಟಳು. ಖಾರ ಹಾಕದ ಸಪ್ಪೆ ಅಡುಗೆ.

ಹಿರಿಯವಳು ತುತ್ತು ಬಾಯಿಗಿಟ್ಟಳು. ಸಪ್ಪೆಯನ್ನೂ ಎಷ್ಟು ರುಚಿಯಾಗಿ ಮಾಡಿದ್ದಾಳೆ, ಹಾಳಾದವಳು!