ತಪ್ಪು ನೆಯ್ದ ನವಿಲು

ಫೋನು ಬಂದರೆ ಸಾಕು, ನಿಶಾತ ಎದ್ದು ಮೆಟ್ಟಿಲ ಕಡೆಗೆ ಹೋಗಿಬಿಡುತ್ತಿದ್ದಳು. ಮುಂಬೈಗೆ ಬಂದ ಮೊದಲ ದಿನವೇ ಚಾಂದಬಿ ಇದನ್ನು ಗಮನಿಸಿದ್ದಳು. ಆಫೀಸಿನ ಫೋನಿರಬೇಕು ಎಂದು ಒಂದೆರಡು ಸಲ ಬಿಟ್ಟಳು. ಎರಡನೆಯ ದಿನವೂ ಹಾಗೇ ಆದಾಗ ಮಗ್ಗದ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು.

"ಯಾರದ ಫೋನು?"

"ಯಾರದೂ ಅಲ್ಲ ಅಮ್ಮಿ. ನೀ ನೇಯಿ."

ಯಾರದೂ ಅಲ್ಲದ ಫೋನಿನಲ್ಲಿ ಹದಿನೈದು ನಿಮಿಷ ಏನು ಮಾತು?

ಚಾಂದಬಿ ನವಲಗುಂದದವಳು. ಜಮಖಾನೆ ನೇಯುವುದು ಅವಳಿಗೆ ಅತ್ತೆಯಿಂದ ಬಂದ ವಿದ್ಯೆ. ಅವರ ಮನೆತನದಲ್ಲಿ ಇದನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಬೇರೆ ಮನೆಗೆ ಹೋಗುವವಳು, ಅವಳ ಸಂಗಡ ಕಸುಬೂ ಹೊರಟುಹೋಗುತ್ತದೆ ಎಂಬ ಅಂಜಿಕೆ. ಯಾವ ಹೂವಿಗೆ ಎಷ್ಟು ಎಳೆ, ನವಿಲಿನ ಎದೆ ಎಲ್ಲಿ ಅಗಲವಾಗಿ ಕುತ್ತಿಗೆ ಎಲ್ಲಿ ಸಣ್ಣದಾಗಬೇಕು ಎಂಬ ಲೆಕ್ಕ ಯಾವ ಕಾಗದದಲ್ಲೂ ಇರಲಿಲ್ಲ, ಅವಳ ತಲೆಯಲ್ಲಿತ್ತು. ಆದರೆ ಚಾಂದಬಿಗೆ ಗಂಡುಮಕ್ಕಳಿರಲಿಲ್ಲ. ಸೊಸೆ ಬರುವ ಮಾತೇ ಇರಲಿಲ್ಲ. ಇದ್ದವಳು ಒಬ್ಬಳೇ ಮಗಳು. ಇಪ್ಪತ್ತೊಂಬತ್ತರ ನಿಶಾತ ಹುಬ್ಬಳ್ಳಿಯ ಎಂಜಿನಿಯರೊಬ್ಬರ ಆಫೀಸಿನಲ್ಲಿ ಮನೆಗಳ ನಕ್ಷೆ ತೆಗೆಯುತ್ತಿದ್ದಳು.

ಅಂಧೇರಿಯಲ್ಲಿ ದೊಡ್ಡ ದೊಡ್ಡ ಮನೆಗಳನ್ನು ಅಲಂಕರಿಸಿ ಕೊಡುವ ಕಂಪನಿಯೊಂದು ಈ ಕೆಲಸ ಕೊಟ್ಟಿತ್ತು. ಅವರ ಶೋರೂಮಿನಲ್ಲಿ ಐದು ದಿನ ಗಿರಾಕಿಗಳ ಎದುರಿಗೆ ಕೂತು ತಾಯಿ ನೇಯಬೇಕು, ಮಗಳು ಪಕ್ಕದಲ್ಲಿ ನಿಂತು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ವಿವರಿಸಬೇಕು. ಪತ್ರವ್ಯವಹಾರವೆಲ್ಲ ನಿಶಾತಳದೇ. ಉಳಿಯಲು ಕುರ್ಲಾದ ಚಾಳಿನಲ್ಲಿ ಚಾಂದಬಿಯ ತಮ್ಮ ರಫೀಕನ ಖೋಲಿ ಇತ್ತು. ಟ್ಯಾಕ್ಸಿ ಓಡಿಸುವ ಅವನು ಕೀಲಿಕೈ ಕೊಟ್ಟು ಗಿರಾಕಿಗಳನ್ನು ಕರೆದುಕೊಂಡು ನಾಸಿಕಕ್ಕೆ ಹೋಗಿದ್ದ. ತಾಯಿ ಮಗಳು ಬೆಳಿಗ್ಗೆ ಲೋಕಲ್ ಹಿಡಿದು, ದಾದರಿನಲ್ಲಿ ಇಳಿದು, ಬ್ರಿಜ್ಜು ದಾಟಿ, ಇನ್ನೊಂದು ಲೋಕಲ್ ಹತ್ತಿ ಅಂಧೇರಿಗೆ ಹೋಗುತ್ತಿದ್ದರು.

ಊರಲ್ಲಿ ಮನೆಮಾತು ದಖ್ಖನಿ. ಇಲ್ಲಿ ಅದನ್ನಾಡಿದರೆ ಹಿಂದಿ ಬಲ್ಲವರಿಗೆಲ್ಲ ತಿಳಿಯುತ್ತದೆಂದು ಇಬ್ಬರೂ ಕನ್ನಡಕ್ಕೆ ಬಂದಿದ್ದರು. ಹಾಗೆಂದು ಮಗಳು ಹೆಚ್ಚೇನೂ ಮಾತಾಡುತ್ತಿರಲಿಲ್ಲ. ಅವಳ ಮಾತೆಲ್ಲ ಅಮೋಲನ ಜೊತೆ. ಶೋರೂಮು ನೋಡಿಕೊಳ್ಳುವ ಅಮೋಲ್ ತೆಳ್ಳಗಿನ ಮನುಷ್ಯ, ಸದಾ ನಗುಮುಖ, ಬಂದಾಗಲೆಲ್ಲ ಚಾಂದಬಿಯನ್ನು ಚಿಕ್ಕಮ್ಮನೆಂಬಂತೆ ಮರಾಠಿಯಲ್ಲಿ 'ಮೌಶಿ, ಚಹಾ?' ಎನ್ನುವವನು. ಇಬ್ಬರೂ ಗಾಜಿನ ಕೋಣೆಯಲ್ಲಿ ಕೂತು ಇಂಗ್ಲಿಷಿನಲ್ಲಿ ಏನೋ ಚರ್ಚೆ ಮಾಡುತ್ತಿದ್ದರು. ಸಂಜೆ ಹೊರಡುವ ಮುನ್ನ ನಿಶಾತ ಮಗ್ಗದ ಮೇಲೆ ಅವತ್ತು ನೆಯ್ದಷ್ಟರ ಫೋಟೋ ತೆಗೆಯುತ್ತಿದ್ದಳು. ಒಂದಲ್ಲ, ಹತ್ತು ಹನ್ನೆರಡು. ಹತ್ತಿರದಿಂದ, ಎಳೆ ಎಣಿಸುವ ಹಾಗೆ.

ಚಾಂದಬಿಯ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಇವಳು ನನ್ನನ್ನು ಇಲ್ಲಿಗೆ ಕರೆತಂದದ್ದು ನೇಯಿಸಲಿಕ್ಕಲ್ಲ, ನನ್ನ ಕಸುಬು ಮಾರಲಿಕ್ಕೆ.

ಎರಡನೆಯ ದಿನ ಮಧ್ಯಾಹ್ನ ಅವಳೊಂದು ಕೆಲಸ ಮಾಡಿದಳು. ನವಿಲಿನ ಕುತ್ತಿಗೆಗೆ ಬಂದಾಗ, ನಾಲ್ಕು ಎಳೆ ಬಿಡಬೇಕಾದಲ್ಲಿ ಬೇಕೆಂದೇ ಐದು ಬಿಟ್ಟಳು. ಮೂವತ್ತೈದು ವರ್ಷದಲ್ಲಿ ಅವಳ ಕೈ ಮಾಡದ ತಪ್ಪು ಅದು. ನೋಡುವವರಿಗೆ ತಿಳಿಯದು. ಆದರೆ ನಾಳೆ ಎಲ್ಲಿಯಾದರೂ ಈ ಗೂನು ಕುತ್ತಿಗೆಯ ನವಿಲು ಕಂಡರೆ ಅದು ಹೊರಬಿದ್ದದ್ದು ಯಾವ ಫೋಟೋದಿಂದ ಎಂದು ಗೊತ್ತಾಗುತ್ತದೆ.

ಮರುದಿನ ಊಟದ ಹೊತ್ತಿಗೆ ನಿಶಾತ ರೊಟ್ಟಿ ಮುರಿಯುತ್ತ ಮೆಲ್ಲಗೆ ಹೇಳಿದಳು:

"ಅಮ್ಮಿ, ನವಿಲಿನ ಕುತ್ತಿಗಿ ತಪ್ಪೇತಿ. ಒಂದ ಎಳಿ ಹೆಚ್ಚಾಗೇತಿ."

ಚಾಂದಬಿ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. "ನಿನಗ್ಯಾರ ಹೇಳಿದ್ರು?"

"ಯಾರ ಹೇಳಬೇಕು? ಕಾಣತೈತಲ್ಲ."

"ಕಣ್ಣು ಮಂಜಾಗ್ಯಾವ," ಎಂದಳು ಚಾಂದಬಿ. ಆಮೇಲೆ ಅವಳಿಗೆ ಊಟ ಸೇರಲಿಲ್ಲ. ಮಗಳನ್ನು ಒಂದು ದಿನವೂ ಮಗ್ಗದ ಮುಂದೆ ಕೂರಿಸಿದವಳಲ್ಲ. ಹಾಗಿದ್ದೂ ಇವಳಿಗೆ ಕುತ್ತಿಗೆಯ ಎಳೆ ಗೊತ್ತು. ಅಂದರೆ ಎಲ್ಲವನ್ನೂ ಎಣಿಸಿಟ್ಟುಕೊಂಡಿದ್ದಾಳೆ. ಯಾರಿಗಾಗಿ?

ನಾಲ್ಕನೆಯ ದಿನ ಬೆಳಿಗ್ಗೆ, ನಿಶಾತ ಸ್ನಾನಕ್ಕೆ ಹೋದಾಗ, ಚಾಂದಬಿ ಅವಳ ಬ್ಯಾಗು ತೆರೆದಳು. ಬಟ್ಟೆಗಳ ಕೆಳಗೆ ಚೌಕುಳಿ ಹಾಳೆಗಳ ಒಂದು ವಹಿ. ಅದರ ತುಂಬ ತನ್ನ ನವಿಲುಗಳು, ತನ್ನ ಹೂಗಳು, ಒಂದೊಂದು ಚೌಕಕ್ಕೂ ಪೆನ್ಸಿಲಿನ ಗುರುತು. ವಹಿಯೊಳಗೆ ಇಂಗ್ಲಿಷಿನ ಒಂದು ಕಾಗದ. ಮೂರನೆಯ ಪರಿಚ್ಛೇದದ ಮೇಲೆ ನೀಲಿ ಪೆನ್ನಿನ ದಪ್ಪ ಗೆರೆ.

ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ಪಕ್ಕದ ಖೋಲಿಗೆ ಹೋದಳು. ಅಲ್ಲಿ ಉಡುಪಿ ಕಡೆಯವರ ಹುಡುಗಿ ಯಕ್ಷಿತಾ ಕಾಲೇಜಿಗೆ ಹೊರಡುತ್ತಿದ್ದಳು.

"ಇದರಾಗ ಏನೈತಿ, ಸ್ವಲ್ಪ ಓದಿ ಹೇಳವ್ವಾ."

ಯಕ್ಷಿತಾ ಕಣ್ಣಾಡಿಸಿದಳು. "ಆಂಟಿ, ಇದು ಅಗ್ರೀಮೆಂಟ್. ನಿಮ್ಮ ಹೆಸರು ಉಂಟು, ನಿಶಾತ ದೀದಿದೂ ಉಂಟು. ಡಿಸೈನ್ ಎಲ್ಲಾ ಕಂಪನಿದು ಅಂತ. ಮತ್ತೆ... ಕೈಸೇ ಬೋಲೂ... ನೀವು ಬೇರೆಯವರಿಗೆ ಅದು ಮಾಡ್ಲಿಕ್ಕೆ ಇಲ್ಲ."

"ನಾ ನೇಯೋದನ್ನ ನಾ ನೇಯಂಗಿಲ್ಲ?"

"ಹಾಂ, ಹಾಗೇ. ಆದ್ರೆ ಈ ಲೈನ್ ಯಾರೋ ಕಾಟ್ ಮಾಡಿದ್ದಾರೆ. ಸೈನ್ ಆಗ್ಲಿಲ್ಲ."

ಚಾಂದಬಿ ಕಾಗದವನ್ನು ಇದ್ದಲ್ಲೇ ಇಟ್ಟಳು. ಗೆರೆ ಹೊಡೆದದ್ದು ಅವಳಿಗೆ ಸಮಾಧಾನ ತರಲಿಲ್ಲ. ಚೌಕಾಸಿ ಮಾಡುವವರು ತಾನೇ ಹೊಡೆದುಹಾಕಿ ತಿದ್ದುವುದು? ಆ ದಿನ ಲೋಕಲಿನಲ್ಲಿ ಮಗಳ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರೂ ಅವಳಿಗೆ ಯಾರೋ ಗುರುತಿಲ್ಲದ ಹೆಂಗಸಿನ ಪಕ್ಕ ನಿಂತಂತಾಗಿತ್ತು.

ಮಧ್ಯಾಹ್ನ ಮೂರರ ಸುಮಾರಿಗೆ ಫೋನು ಬಂತು, ನಿಶಾತ ಮೆಟ್ಟಿಲ ಕಡೆಗೆ ಹೋದಳು. ಅವಳ ಬೆನ್ನು ಮರೆಯಾಗುತ್ತಲೇ ಅಮೋಲ್ ಬಂದ. ಕೈಯಲ್ಲಿ ಕಾಗದ, ಪೆನ್ನು.

"ಮೌಶಿ, ಯಹಾಂ ಬಸ್ ಏಕ್ ಸೈನ್. ನಿಶಾತ ಮ್ಯಾಡಮ್ ನೇ ದೇಖ್ ಲಿಯಾ ಹೈ."

ಮಗಳು ನೋಡಿದ್ದಾಳಂತೆ. ಚಾಂದಬಿ ಕಾಗದ, ಪೆನ್ನು ತೆಗೆದುಕೊಂಡಳು. ಅವಳಿಗೆ ಇಂಗ್ಲಿಷು ಬಾರದು, ಆದರೆ ಒಮ್ಮೆ ನೋಡಿದ ಅಚ್ಚು ಅವಳ ಕಣ್ಣು ಬಿಟ್ಟು ಹೋಗುವುದಿಲ್ಲ. ಬೆಳಿಗ್ಗೆ ನೋಡಿದ ಕಾಗದವೇ ಇದು: ಮೇಲೆ ಎರಡು ಗಿಡ್ಡ ಸಾಲು, ನಡುವೆ ಉದ್ದನೆಯ ಪರಿಚ್ಛೇದ, ಕೆಳಗೆ ಎರಡು ಹೆಸರಿಗೆ ಜಾಗ. ಆದರೆ ನೀಲಿ ಗೆರೆ ಇದ್ದಲ್ಲಿ ಗೆರೆ ಇರಲಿಲ್ಲ. ಸಾಲುಗಳು ಸ್ವಚ್ಛವಾಗಿ ಕೂತಿದ್ದವು.

ಅವಳು ತಲೆಯೆತ್ತಿದಳು. ಅಮೋಲ್ ನಗುತ್ತಿದ್ದ. ಆದರೆ ಅವನ ಕಣ್ಣು ಮೆಟ್ಟಿಲ ಕಡೆಗಿತ್ತು.

ಯಾರನ್ನು ನಂಬಬೇಕು? ನಾಲ್ಕು ದಿನದಿಂದ ಮುಚ್ಚುಮರೆ ಮಾಡುತ್ತಿರುವ ಮಗಳನ್ನೋ, ನಾಲ್ಕು ದಿನದಿಂದ ಚಹಾ ಕುಡಿಸುತ್ತಿರುವ ಇವನನ್ನೋ? ಮಗಳು ಬರಲಿ ಎಂದು ಚಾಂದಬಿ ಪೆನ್ನನ್ನು ಪಕ್ಕಕ್ಕಿಟ್ಟಳು.

"ಬೇಟೀ ಕು ಆನೇ ದೇವ್."

"ಅರೇ ಮೌಶಿ, ಉಸೀ ನೇ ಬೋಲಾ..."

"ಆನೇ ದೇವ್," ಎಂದು ಅವಳು ಕಾಗದವನ್ನು ತೊಡೆಯ ಕೆಳಗೆ ಒತ್ತಿಟ್ಟು ನೇಯತೊಡಗಿದಳು. ಅಮೋಲ್ ಕೈ ಚಾಚಿದ, ತಿರುಗಿ ಎಳೆದುಕೊಂಡ.

ನಿಶಾತ ಬಂದಳು. ಕಾಗದ ಓದಿದಳು. ಓದುತ್ತ ಓದುತ್ತ ಅವಳ ಕಿವಿ ಕೆಂಪಾದವು.

"ಇದನ್ನ ನೀ ನೋಡಿದ್ದೇನು?" ಚಾಂದಬಿ ಕನ್ನಡದಲ್ಲಿ ಕೇಳಿದಳು.

"ಇಲ್ಲ ಅಮ್ಮಿ. ನಾ ನೋಡಿದ್ದರಾಗ ಆ ಸಾಲ ಹೊಡದಹಾಕಿದ್ದೆ. ಇವ ಮತ್ತ ಹಚ್ಚಿ ತಂದಾನ. ನನ್ನ ಸಹಿ ಆಗೇತಂತ ಹೇಳಿದ್ನ?"

"ನೀ ನೋಡೀ ಅಂತ ಹೇಳಿದ."

ನಿಶಾತ ಅಮೋಲನ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿದಳು. ಕೂಗಲಿಲ್ಲ. ಆದರೆ ಅವನ ನಗು ನಿಧಾನವಾಗಿ ಇಳಿಯಿತು. ಟೈಪಿಂಗ್ ತಪ್ಪು ಎಂದ. ಮೇಲಿನವರು ಹೇಳಿದ್ದು ಎಂದ. ಸಹಿಯಿಲ್ಲದಿದ್ದರೆ ಐದನೆಯ ದಿನದ ಕೆಲಸ ಬೇಡ ಎಂದ.

ಚಾಂದಬಿ ಅದನ್ನು ಮಗಳು ತಿಳಿಸಿ ಹೇಳುವವರೆಗೆ ಕಾಯಲಿಲ್ಲ. ಕತ್ತರಿ ತೆಗೆದು ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳನ್ನು ಮೇಲಿನಿಂದ ಕತ್ತರಿಸತೊಡಗಿದಳು.

"ಮೌಶಿ, ಪೀಸ್ ತೋ ಹಮಾರಾ ಹೈ!"

"ನೂಲ ನಮ್ಮೂರಿಂದು, ಕೈ ನನ್ನದು. ಹೇಳ ಇವಗ," ಎಂದಳು. ಅರ್ಧ ನೆಯ್ದ ಜಮಖಾನೆಯನ್ನು ಸುತ್ತಿ ಮಗಳ ಹೆಗಲಿಗೆ ಹಾಕಿದಳು.

ಅಂಧೇರಿಯಲ್ಲಿ ಹೆಂಗಸರ ಡಬ್ಬಿ ಖಾಲಿ ಸಿಕ್ಕಿತು. ಇಬ್ಬರೂ ಎದುರುಬದುರು ಕೂತರು. ಗಾಡಿ ಬಿಟ್ಟ ಮೇಲೆ ಚಾಂದಬಿ ಹೇಳಿದಳು, "ಇವತ್ತ ಮುಂಜಾನೆ ನಿನ್ನ ಬ್ಯಾಗ ತಗದು ನೋಡಿದೆ."

ನಿಶಾತ ತಾಯಿಯನ್ನು ದಿಟ್ಟಿಸಿದಳು. "ಗೊತ್ತು. ವಹಿ ಉಲ್ಟಾ ಇಟ್ಟಿದ್ದಿ."

"ಮತ್ತ್ಯಾಕ ಕೇಳಲಿಲ್ಲ?"

"ನೀ ನನ್ನ ಕೇಳಿದೇನು?"

ಆಮೇಲೆ ಒಂದೊಂದಾಗಿ ಹೊರಬಂತು. ಫೋನು ಹುಬ್ಬಳ್ಳಿಯ ವಕೀಲರದು, ಎಂಜಿನಿಯರ್ ಸಾಹೇಬರ ಗೆಳೆಯರು. ಕಾಗದದ ಒಂದೊಂದು ಸಾಲನ್ನೂ ಅವರಿಗೆ ಓದಿ ಹೇಳುತ್ತಿದ್ದಳು. ಫೋಟೋ ತೆಗೆದದ್ದು, ಇದನ್ನು ನೆಯ್ದವಳು ಚಾಂದಬಿ ಎಂದು ತಾರೀಖಿನ ಸಮೇತ ತೋರಿಸಲಿಕ್ಕೆ.

"ಮತ್ತ ವಹಿ?"

ನಿಶಾತ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. "ಅದು ನಂದು. ಹನ್ನೆರಡ ವರ್ಷದಾಕಿ ಇದ್ದಾಗಿಂದ. ನೀ ನೇಯೋ ಮುಂದ ನಾ ಹಿಂದ ಭಾಂಡೆ ತಿಕ್ಕತಿದ್ದೆ, ನೋಡತಿದ್ದೆ. ನನಗೂ ಬರಲಿ ಅಂತ." ಹಾಗೇ ಹೊರಗೆ ನೋಡುತ್ತ ಸೇರಿಸಿದಳು, "ಒಂದ ತಪ್ಪ ಮಾಡೇನಿ. ಮೊದಲನೇ ದಿನ ಅಮೋಲಗ ಒಂದ ಹಾಳಿ ಹರದ ಕೊಟ್ಟೆ. ಭಾಳ ಹೊಗಳಿದ. ಉಬ್ಬಿ ಕೊಟ್ಟಬಿಟ್ಟೆ. ಆಮ್ಯಾಲೆ ಈ ಕಾಗದ ಶುರು ಆತು. ನಿನಗ ಹೇಳಾಕ ಅಂಜಿ ಮೆಟ್ಟಲ ಕಡೆ ಹೋಗಿ ಮಾತಾಡತಿದ್ದೆ."

"ಯಾವ ಹಾಳಿ?"

"ಅಂಚಿನ ಹೂವಿಂದು."

ಚಾಂದಬಿಯ ಮೈ ಕಾವೇರಿತು. ಅಂದರೆ ಸಂಶಯ ಪೂರ್ತಿ ಸುಳ್ಳಲ್ಲ. ಗಾಡಿ ವಿಲೇಪಾರ್ಲೆ ದಾಟಿತು, ಬಾಂದ್ರಾ ದಾಟಿತು. ಅತ್ತೆಯ ಅತ್ತೆಯಿಂದ ಬಂದ ಹೂವು ಈಗ ಯಾರದೋ ಮೇಜಿನ ಮೇಲಿದೆ. ಬಯ್ಯಬೇಕೆಂದು ಬಾಯಿ ತೆರೆದವಳಿಗೆ ಎದುರಿಗೆ ಕೂತ ಹುಡುಗಿಯ ಬೆರಳು ಕಂಡವು. ಮಡಿಲಲ್ಲಿದ್ದ ಜಮಖಾನೆಯ ಸುರುಳಿಯ ಅಂಚನ್ನು ಅವು ಒಂದೊಂದೇ ಎಳೆ ಸವರುತ್ತ, ಬಿಚ್ಚದಂತೆ ಗಂಟು ಹಾಕುತ್ತಿದ್ದವು. ಸರಿಯಾದ ಗಂಟು. ಅದನ್ನೂ ಯಾರೂ ಕಲಿಸಿರಲಿಲ್ಲ.

ತನ್ನ ಮನೆಯ ವಿದ್ಯೆಯನ್ನು ಮಗಳು ಭಾಂಡೆಯ ಮರೆಯಲ್ಲಿ ಕದ್ದು ಕಲಿಯಬೇಕಾಯಿತಲ್ಲ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಕೇಳಿದ್ದರೆ ಕಲಿಸುತ್ತಿದ್ದೆನೇ? ಇಲ್ಲ. ಅದೂ ಅವಳಿಗೆ ಗೊತ್ತಿತ್ತು.

ದಾದರಿನಲ್ಲಿ ಇಳಿದರು. ಬ್ರಿಜ್ಜಿನ ಮೇಲೆ ಜನ ನೂಕುತ್ತಿದ್ದರು. ಕಟಾಂಜನದ ಪಕ್ಕ ಸ್ವಲ್ಪ ಜಾಗ ಸಿಕ್ಕಲ್ಲಿ ಚಾಂದಬಿ ಮಗಳ ತೋಳು ಹಿಡಿದು ನಿಲ್ಲಿಸಿದಳು.

"ಬಿಳಿ ಎಳಿ ಹಾಕಿದಾಗ ಎರಡ ಸಲ ಯಾಕ ಬಡೀತೇನಿ, ಗೊತ್ತೇನು?"

ನಿಶಾತ ಯೋಚಿಸಿದಳು. "ಇಲ್ಲ. ಬಡಿಯೋದ ನೋಡೇನಿ, ಯಾಕಂತ ಗೊತ್ತಿಲ್ಲ."

"ಅದು ಹಿಂದ ನಿಂತು ನೋಡಿದ್ರ ತಿಳಿಯಂಗಿಲ್ಲ."

ಚಾಂದಬಿ ಹಿಂದೆ ನೋಡಿದಳು, ಮುಂದೆ ನೋಡಿದಳು. ಬುಟ್ಟಿ ಹೊತ್ತವರು, ಬ್ಯಾಗು ಹಿಡಿದವರು, ಯಾರಿಗೂ ಇವರ ಗೊಡವೆ ಇರಲಿಲ್ಲ. ಆದರೂ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮಗಳ ಕಿವಿಯ ಹತ್ತಿರ ಬಾಗಿ, ಕನ್ನಡದಲ್ಲೇ ಹೇಳತೊಡಗಿದಳು.

"ಬಣ್ಣದ ನೂಲ ಕುದ್ದಿರತೈತಿ, ಬಗ್ಗತೈತಿ. ಬಿಳೇದು ಉಬ್ಬಿಕೊಂಡಿರತೈತಿ, ಒಂದ ಪೆಟ್ಟಿಗೆ ಕೂಡ್ರಂಗಿಲ್ಲ. ಮೊದಲನೇ ಪೆಟ್ಟ ಹಗೂರಕ..."