ಕನ್ನಡಿ ಬಿಚ್ಚಿದವರು

ಪೊಲೀಸಿನವರು ಕೈ ಅಡ್ಡ ಹಿಡಿದರೆ ಗಾಡಿ ನಿಲ್ಲಿಸಬೇಕೋ, ಕಾಲಿಗೆ ಬುದ್ಧಿ ಹೇಳಬೇಕೋ? ಆ ಭಾನುವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನ ಹಿಂದೆ, ಗಾಳಿ ತುಂಬಿಸುವ ಜಾಗದಲ್ಲಿ, ಇದೇ ವಿಷಯಕ್ಕೆ ಜಗಳ ಹತ್ತಿತು. ನಾನೊಬ್ಬಳು ಒಂದು ಕಡೆ, ಮೂವರು ಗಂಡಸರು ಇನ್ನೊಂದು ಕಡೆ. ಆ ಮೂವರಲ್ಲಿ ಒಬ್ಬ ನನ್ನ ಒಡಹುಟ್ಟಿದ ತಮ್ಮ. ಅವನು ಆ ಕಡೆ ನಿಂತಿದ್ದೇ ನನ್ನ ಹೊಟ್ಟೆಯುರಿಗೆ ಕಾರಣ.

ಉಳಿದಿಬ್ಬರ ಬಗ್ಗೆ ನನಗೆ ಯಾವ ಮಮಕಾರವೂ ಇಲ್ಲ. ಒಬ್ಬನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ಸೈನ್ಯದ ಗಾಳಿಯೂ ಸೋಕಿದವನಲ್ಲ, ಸೋಫಾ ಅಂಗಡಿ ಇಟ್ಟುಕೊಂಡವನು. ವಾರವಿಡೀ ಗಿರಾಕಿಗಳಿಗೆ ಸ್ಪಂಜು ಒತ್ತಿ ತೋರಿಸುವ ಈ ಮಹಾಶಯನಿಗೆ ಭಾನುವಾರ ಚರ್ಮದ ಜಾಕೆಟ್ ಏರಿಸಿ ಮೋಟರ್‌ಸೈಕಲ್ ಹತ್ತಿದ ಕೂಡಲೇ ಶೌರ್ಯ ಉಕ್ಕುತ್ತದೆ. ಇನ್ನೊಬ್ಬನಿಗೆ ಲಾಯರ್ ಎಂದು ಹೆಸರು. ಅವನೂ ಲಾಯರಲ್ಲ, ಕೋರ್ಟಿನೆದುರು ಕೂತು ಅಫಿಡವಿಟ್ ಟೈಪ್ ಮಾಡುತ್ತಾನೆ. ಇಂಥವರ ಜೊತೆ ನೀನ್ಯಾಕೆ ತಿರುಗುತ್ತೀಯ ಎಂದರೆ ಒಂದೇ ಉತ್ತರ: ತಮ್ಮನಿಗೋಸ್ಕರ. ಅವನಿಗೆ ಮೋಟರ್‌ಸೈಕಲ್ ಕಲಿಸಿದ್ದು ನಾನು. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಬೆಳಗಿನಿಂದ ಸಂಜೆಯವರೆಗೂ "ಕನ್ನಡಿ ನೋಡಿ, ಕನ್ನಡಿ ನೋಡಿ" ಎಂದು ಕಿರುಚಿ ಗಂಟಲು ಹರಿದುಕೊಳ್ಳುವುದೇ ನನ್ನ ಕೆಲಸ. ಅಂಥವಳ ತಮ್ಮನ ಗಾಡಿಗೆ ಈಗ ಕನ್ನಡಿಯೇ ಇಲ್ಲ.

ಅದಕ್ಕೂ ಒಂದು ಹಿನ್ನೆಲೆ ಇದೆ. ಮೊದಲು ಈ ಗುಂಪಿನಲ್ಲಿ ಒಬ್ಬ ಪೇಂಟರ್ ಇದ್ದ. ಬಾಯಿ ತುಂಬ ನಗುವವನು. ಒಮ್ಮೆ ಪೊಲೀಸರು ತಡೆದಾಗ ಕ್ಯಾಪ್ಟನ್ನಿನ ಹಿಂದೆಯೇ ಅವನೂ ಓಡಿಸಿದ. ಸಿಮೆಂಟ್ ಕಾರ್ಖಾನೆಯ ಹತ್ತಿರ ಲಾರಿಗೆ ಗುದ್ದಿ ಸೊಂಟ ಮುರಿದುಕೊಂಡ. ಇನ್ನು ಅವನು ಏಣಿ ಹತ್ತುವಂತಿಲ್ಲ. ಆಸ್ಪತ್ರೆಗೆ ಹೋದಾಗ ನನ್ನ ಕೈ ಹಿಡಿದುಕೊಂಡು, "ವೇಗ ಜಾಸ್ತಿ ಇತ್ತಕ್ಕಾ, ಬ್ರೇಕ್ ಹಿಡಿದ್ರೆ ಚಕ್ರ ಜಾರ್ಕೊಂಡು ಹೋಯ್ತು" ಎಂದ. ಅಷ್ಟೇ ವಿಷಯ. ಆದರೆ ಕ್ಯಾಪ್ಟನ್ ಅದಕ್ಕೆ ಬೇರೆಯೇ ಅರ್ಥ ಕಟ್ಟಿದ. ಪೇಂಟರ್ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ಕನ್ನಡಿ ನೋಡಿದನಂತೆ, ಗಮನ ತಪ್ಪಿತಂತೆ, ಅದಕ್ಕೇ ಬಿದ್ದನಂತೆ. ಓಡುವವನು ಹಿಂದೆ ನೋಡಬಾರದಂತೆ. ಹಾಗಾಗಿ ಆ ಮೂವರೂ ಸ್ಪ್ಯಾನರ್ ತಂದು ಕನ್ನಡಿ ಬಿಚ್ಚಿ ಮನೆಯಲ್ಲಿಟ್ಟರು. ನಂಬರ್ ಪ್ಲೇಟನ್ನೂ ಸೀಟಿನ ಕೆಳಕ್ಕೆ ಮಡಚಿಕೊಂಡರು. ಕನ್ನಡಿ ಇಲ್ಲದ ಗಾಡಿ ಕಂಡರೆ ಪೊಲೀಸರು ಇನ್ನೂ ಬೇಗ ಅಡ್ಡ ಹಾಕುತ್ತಾರೆ ಎಂಬುದು ಈ ಮೇಧಾವಿಗಳಿಗೆ ಹೊಳೆಯಲೇ ಇಲ್ಲ.

ಹಿಂದಿನ ವಾರ ಹಾಗೇ ಆಯಿತು. ಅಡ್ಡ ಹಾಕಿದರು, ಮೂವರೂ ಪರಾರಿ. ನಾನು ನಿಂತೆ. ಕಾಗದಪತ್ರ ಎಲ್ಲ ಸರಿಯಿದ್ದವು. ಓಡಿದವರು ಯಾರು ಎಂದು ಕೇಳಿದರು, ಗೊತ್ತಿಲ್ಲ ಎಂದೆ, ಬಿಟ್ಟರು. ಈ ಸಲದ ಜಗಳ ಶುರುವಾದದ್ದು ಅದರಿಂದಲೇ.

"ಅಷ್ಟು ಸುಲಭವಾಗಿ ಯಾಕ್ ಬಿಟ್ರು ನಿನ್ನ?" ಎಂದ ಕ್ಯಾಪ್ಟನ್. ಟೈರಿಗೆ ಬೂಟುಗಾಲಿನಿಂದ ಒದೆಯುತ್ತಾ ಕೇಳಿದ. ಒದ್ದದ್ದು ನನ್ನ ಗಾಡಿಯ ಟೈರಿಗೆ.

"ತಪ್ಪು ಮಾಡಿರಲಿಲ್ಲ, ಬಿಟ್ರು. ಕಾಲು ತೆಗಿ."

"ನಮ್ಮ ಹೆಸರು ಹೇಳಿಲ್ಲ ಅಂತ ಏನ್ ಗ್ಯಾರಂಟಿ?"

"ಹೇಳಿದ್ದಿದ್ರೆ ನೀನು ಇಷ್ಟೊತ್ತಿಗೆ ಸೋಫಾ ಮೇಲಲ್ಲ, ಠಾಣೆ ಬೆಂಚ್ ಮೇಲೆ ಕೂತಿರ್ತಿದ್ದೆ."

ಲಾಯರ್ ಕಿಸಕ್ಕೆಂದು ನಕ್ಕ. ಕ್ಯಾಪ್ಟನ್ ದುರುಗುಟ್ಟಿದ ಕೂಡಲೇ ಗಂಭೀರನಾಗಿ, "ನೋಡಿ ಮೇಡಂ, ಕಾನೂನಲ್ಲಿ ಏನಿದೆ ಅಂದ್ರೆ" ಎಂದು ಶುರು ಹಚ್ಚಿಕೊಂಡ. ಅವರು ಅಟ್ಟಿಸಿಕೊಂಡು ಬಂದಾಗ ನಾವು ಬಿದ್ದರೆ ಹೊಣೆ ಪೊಲೀಸರದ್ದೇ ಆಗುತ್ತದೆ, ಅದಕ್ಕೆ ಅವರಿಗೇ ಭಯ, ಸ್ವಲ್ಪ ದೂರ ಬಂದು ಕೈಬಿಡುತ್ತಾರೆ, ಇದು ಅವನ ವಾದ. ಯಾವ ಕಾನೂನು, ಎಲ್ಲಿದೆ ಎಂದು ಕೇಳಿದೆ. ಅದನ್ನೆಲ್ಲ ಬಾಯಲ್ಲಿ ಹೇಳಲಾಗುವುದಿಲ್ಲವಂತೆ.

"ಕೈಬಿಡ್ತಾರೆ. ಯಾವಾಗ್ಲೂ ಕೈಬಿಡ್ತಾರೆ" ಎಂದ ಕ್ಯಾಪ್ಟನ್. "ನಿಂತವನು ಕೆಟ್ಟ. ಗಂಡಸಾದವನು ನಿಲ್ಲಲ್ಲ."

"ಪೇಂಟರ್ ಗಂಡಸೇ ತಾನೇ? ಅವನನ್ನ ನೋಡೋಕೆ ಒಂದು ದಿನ ಆದ್ರೂ ಹೋಗಿದ್ಯಾ?"

"ಅವನು ಕನ್ನಡಿ ನೋಡಿ ಕೆಟ್ಟ."

"ಇಲ್ಲ ಅಂತ ಅವನೇ ನನ್ನ ಹತ್ರ ಹೇಳಿದಾನೆ."

"ತಲೆಗೂ ಪೆಟ್ಟು ಬಿದ್ದಿದೆ ಅವನಿಗೆ. ಏನೇನೋ ಬಡಬಡಿಸ್ತಾನೆ."

ನನಗೆ ರೇಗಿಹೋಯಿತು. ಕ್ಯಾಪ್ಟನ್ನಿನ ಜಾಕೆಟ್ಟಿನ ಕಾಲರ್ ಹಿಡಿಯಲು ಕೈ ಮುಂದೆ ಹೋಯಿತು. ನಡುವೆ ಬಂದು ನನ್ನ ಕೈ ತಳ್ಳಿದವನು ತಮ್ಮ. ಅವನ ಮುಖ ನೋಡಿದೆ. ಲಿಫ್ಟ್ ರಿಪೇರಿ ಮಾಡುವ ಹುಡುಗ. ಅಷ್ಟೆತ್ತರದ ಕಟ್ಟಡದಲ್ಲಿ ಬೆಲ್ಟ್ ಕಟ್ಟಿಕೊಳ್ಳದೆ ಕೆಲಸಕ್ಕಿಳಿಯುವುದಿಲ್ಲ. ಅಲ್ಲಿರುವ ಬುದ್ಧಿ ಇಲ್ಲಿ ಎಲ್ಲಿ ಹೋಗುತ್ತದೋ!

"ಅಕ್ಕ, ಎಲ್ಲರ ಮುಂದೆ ನನ್ನ ಮರ್ಯಾದೆ ತೆಗಿಬೇಡ" ಎಂದ. "ಇಷ್ಟ ಇದ್ರೆ ಬಾ, ಇಲ್ದಿದ್ರೆ ಮನೆಗೆ ಹೋಗು."

"ನಿನಗೇನಾದ್ರೂ ಆದ್ರೆ ಅಮ್ಮನಿಗೆ ಏನಂತ ಹೇಳ್ಲಿ?"

"ಏನೂ ಆಗಲ್ಲ. ನೀನು ಅಪಶಕುನ ನುಡಿಯದಿದ್ರೆ ಸಾಕು."

ಅಷ್ಟು ಹೇಳಿ ಕ್ಯಾಪ್ಟನ್ನಿನ ಪಕ್ಕ ಹೋಗಿ ನಿಂತ. ಕ್ಯಾಪ್ಟನ್ ಅವನ ಹೆಗಲ ಮೇಲೆ ಕೈಹಾಕಿ ನನ್ನತ್ತ ನೋಡಿ ನಕ್ಕ. ಆ ನಗುವಿಗೆ ಅಲ್ಲೇ ಬಿದ್ದಿದ್ದ ಸ್ಪ್ಯಾನರ್ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಮನೆಗೂ ಹೋಗಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಸಾಲಿನ ಕೊನೆಯಲ್ಲಿ ನಿಂತೆ. ನಾನು ಹಿಂದಿದ್ದರೆ ಅವನು ಸ್ವಲ್ಪವಾದರೂ ಹದ್ದುಬಸ್ತಿನಲ್ಲಿರುತ್ತಾನೆ ಎಂದು ಆಸೆ.

ಊರು ದಾಟಿ, ಕಾಲುವೆ ಪಕ್ಕದ ರಸ್ತೆಗೆ ಬಿದ್ದೆವು. ಮುಂದೆ ಕ್ಯಾಪ್ಟನ್, ಅವನ ಹಿಂದೆ ಲಾಯರ್, ಆಮೇಲೆ ತಮ್ಮ, ಕೊನೆಗೆ ನಾನು. ಗೋದಾಮುಗಳ ಸಾಲು ಮುಗಿಯುವ ತಿರುವಿನಲ್ಲಿ ಪೊಲೀಸರು ರಸ್ತೆಯ ಅರ್ಧಕ್ಕೆ ಹಳದಿ ಬ್ಯಾರಿಕೇಡ್ ಎಳೆದು ನಿಂತಿದ್ದರು. ಒಬ್ಬ ಇನ್‌ಸ್ಪೆಕ್ಟರ್, ಇಬ್ಬರು ಕಾನ್‌ಸ್ಟೇಬಲ್‌ಗಳು, ಮರದ ಕೆಳಗೆ ಒಂದು ಜೀಪು. ಇನ್‌ಸ್ಪೆಕ್ಟರ್ ನಡುರಸ್ತೆಗೆ ಬಂದು ಕೈ ಎತ್ತಿದರು.

ನಾನು ಕ್ಯಾಪ್ಟನ್ನನ್ನೇ ನೋಡಿದೆ. ಗಂಡಸಾದವನು ನಿಲ್ಲುವುದಿಲ್ಲ ಎಂದ ಆ ವೀರ ಏನು ಮಾಡಿದ ಗೊತ್ತೇ? ಇಂಡಿಕೇಟರ್ ಹಾಕಿದ. ಪಾಠ ಕಲಿಯಲು ಬಂದ ವಿದ್ಯಾರ್ಥಿಯಷ್ಟು ಅಚ್ಚುಕಟ್ಟಾಗಿ ಎಡಕ್ಕೆ ಸರಿದು, ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು, "ನಮಸ್ಕಾರ ಸರ್" ಎಂದ. ಲಾಯರ್ ಅವನ ಬೆನ್ನಿಗೇ ನಿಂತ. ಓಡಿದವನು ನನ್ನ ತಮ್ಮನೊಬ್ಬನೇ. ಕ್ಯಾಪ್ಟನ್ ಹೇಳಿಕೊಟ್ಟಂತೆ ತಲೆ ತಗ್ಗಿಸಿ, ಆಚೀಚೆ ನೋಡದೆ, ಬ್ಯಾರಿಕೇಡಿನ ಸಂದಿಯಲ್ಲಿ ನುಗ್ಗಿಬಿಟ್ಟ. ಗುರು ಹಿಂದೆ ಕೈಕಟ್ಟಿ ನಿಂತಿದ್ದಾನೆ ಎಂಬುದು ಶಿಷ್ಯನಿಗೆ ತಿಳಿಯುವುದಾದರೂ ಹೇಗೆ? ಕನ್ನಡಿ ಇರಬೇಕಿತ್ತಲ್ಲ.

ನಾನು ಆಗಲೇ ನಿಂತಿದ್ದೆ. ಒಂದು ಕಾಲು ನೆಲದ ಮೇಲಿತ್ತು, ಕಾನ್‌ಸ್ಟೇಬಲ್ ಕೀ ಕಿತ್ತುಕೊಳ್ಳಲು ಕೈ ಚಾಚುತ್ತಿದ್ದ. ಈ ರಸ್ತೆಯ ಕೊನೆಗೆ ಕಿರುಸೇತುವೆ, ಅದರಾಚೆಯೇ ಸಿಮೆಂಟ್ ಲಾರಿಗಳು ತಿರುಗುವ ಜಾಗ. ಪೇಂಟರ್ ಬಿದ್ದದ್ದು ಅಲ್ಲೇ. ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಗಾಡಿ ಎಗರಿಸಿ ಬ್ಯಾರಿಕೇಡ್ ದಾಟಿದ್ದೆ. ನಿಲ್ಲಬೇಕು, ನಿಲ್ಲಬೇಕು ಎಂದು ಬಾಯಿ ಬಡಿದುಕೊಂಡವಳೇ ಪೊಲೀಸರ ಕಣ್ಣೆದುರು ಓಡಿದೆ.

ಅವನನ್ನು ನಿಲ್ಲಿಸಬೇಕು, ಇಷ್ಟೇ ತಲೆಯಲ್ಲಿದ್ದದ್ದು. ಹಾರ್ನ್ ಒತ್ತಿ ಹಿಡಿದೆ. ಅವನು ವೇಗ ಹೆಚ್ಚಿಸಿದ. ನಾನೂ ಹೆಚ್ಚಿಸಿದೆ, ದೀಪ ಮಿನುಗಿಸಿದೆ, ಹೆಲ್ಮೆಟ್ಟಿನೊಳಗೆ ಅವನ ಮುದ್ದಿನ ಹೆಸರು ಹಿಡಿದು ಕಿರುಚಿದೆ. ಅವನು ಹ್ಯಾಂಡಲಿನ ಮೇಲೆ ಇನ್ನಷ್ಟು ಬಾಗಿದ. ಎದುರಿನಿಂದ ಬಂದ ಟ್ರ್ಯಾಕ್ಟರನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸಿದ. ಅವನ ಹಿಂದಿನ ಚಕ್ರ ಮಣ್ಣಿಗಿಳಿದು ಓಲಾಡಿ ಮತ್ತೆ ರಸ್ತೆಗೆ ಹತ್ತಿತು.

ಅಭ್ಯಾಸಬಲದಿಂದ ನನ್ನ ಕನ್ನಡಿ ನೋಡಿಕೊಂಡೆ. ಹಿಂದೆ ರಸ್ತೆ ಖಾಲಿ. ಜೀಪಿಲ್ಲ, ಪೊಲೀಸರಿಲ್ಲ, ಒಂದು ನರಪಿಳ್ಳೆಯೂ ಇಲ್ಲ. ಆಗ ಅರ್ಥವಾಯಿತು. ಅವನನ್ನು ಅಟ್ಟಿಸಿಕೊಂಡು ಬರುತ್ತಿದ್ದವಳು ನಾನೊಬ್ಬಳೇ. ತಿರುಗಿ ನೋಡದವನಿಗೆ ಬೆನ್ನ ಹಿಂದಿನ ಹಾರ್ನ್ ಪೊಲೀಸರದ್ದೇ. ನಾನು ಹತ್ತಿರವಾದಷ್ಟೂ ಅವನು ಸಾವಿಗೆ ಹತ್ತಿರವಾಗುತ್ತಿದ್ದ, ಅವನನ್ನು ಅಲ್ಲಿಗೆ ಅಟ್ಟುತ್ತಿದ್ದವಳು ಅವನ ಸ್ವಂತ ಅಕ್ಕ.

ಇನ್ನು ನನ್ನ ಕೈಲಿದ್ದದ್ದು ಒಂದೇ. ಬ್ರೇಕ್ ಹಿಡಿದು, ಪಕ್ಕಕ್ಕೆ ತಂದು, ಎಂಜಿನ್ ಆಫ್ ಮಾಡಿದೆ. ಅಷ್ಟು ಕಷ್ಟದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ಅವನು ಸೇತುವೆಯ ಕಡೆ ಹೋಗುತ್ತಿದ್ದಾನೆ, ನಾನು ಗಾಡಿಯ ಮೇಲೆ ಸುಮ್ಮನೆ ಕೂತು ನೋಡಬೇಕು! ಅವನ ಎಂಜಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಸೇತುವೆಗೆ ಸ್ವಲ್ಪ ಮುಂಚೆ ಆ ಸದ್ದು ಇಳಿಯಿತು, ಹಿಂದಿನ ದೀಪ ಕೆಂಪಗೆ ಹೊತ್ತಿತು. ಬ್ರೇಕ್ ಹಿಡಿದಿದ್ದ. ಒಂದು ಲಾರಿ ಹೋಗುವವರೆಗೆ ಕಾದು, ನಿಧಾನವಾಗಿ ಸೇತುವೆ ದಾಟಿ ಮರೆಯಾದ. ನಾನು ಹೆಲ್ಮೆಟ್ ತೆಗೆದು ಅತ್ತುಬಿಟ್ಟೆ.

ಜೀಪು ಬಂದಾಗಲೂ ಅಳುತ್ತಲೇ ಇದ್ದೆ. ಇನ್‌ಸ್ಪೆಕ್ಟರಿಗೆ ಕನಿಕರವೇನೂ ಹುಟ್ಟಲಿಲ್ಲ. ನನ್ನ ಕೀ ಕಿತ್ತುಕೊಂಡು ಜೇಬಿಗಿಳಿಸಿದರು.

"ಡ್ರೈವಿಂಗ್ ಸ್ಕೂಲಲ್ಲಿ ಪಾಠ ಮಾಡೋರಂತೆ. ನಾಚಿಕೆ ಆಗಲ್ವಾ ನಿಮಗೆ?"

"ಯಾರು ಹೇಳಿದ್ದು ನಿಮಗೆ?"

"ಬ್ಯಾರಿಕೇಡ್ ಹತ್ರ ನಿಂತಿದಾರಲ್ಲ, ಆ ಜಾಕೆಟ್ ಹಾಕಿರೋರು. ಓಡೋದು ಹೇಗೆ ಅಂತ ಎಲ್ಲರಿಗೂ ಹೇಳಿಕೊಡೋದೇ ನೀವಂತೆ. ಕನ್ನಡಿ ಬಿಚ್ಚಿಸಿದ್ದೂ ನೀವೇ ಅಂತೆ. ಜೊತೇಲಿದ್ದ ಲಾಯರ್ರೂ ಹೌದು ಅಂದ್ರು."

ನಾನು ನನ್ನ ಗಾಡಿಯ ಎರಡೂ ಕನ್ನಡಿಗಳನ್ನು ತೋರಿಸಿದೆ. ಅವರು ನೋಡಿದರು, ಜೇಬಿನಿಂದ ಪುಸ್ತಕ, ಪೆನ್ನು ತೆಗೆದರು. "ಮುಂದೆ ಹೋದವನು ಯಾರು? ನಿಮ್ಮವನೇ ತಾನೇ? ಪ್ಲೇಟ್ ಮಡಚಿಕೊಂಡಿದಾನೆ, ನಂಬರ್ ಸಿಕ್ಕಿಲ್ಲ. ಅವರಿಬ್ಬರೂ ಗೊತ್ತಿಲ್ಲ ಅಂತಾರೆ" ಎಂದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಪಾಠ ಮಾಡುವ ಪರವಾನಗಿ ಹೋಗಬಹುದು ಎಂದರು. ಹೋಗಲಿ ಎಂದುಕೊಂಡೆ. ತಮ್ಮ ಉಳಿದನಲ್ಲ, ಇವತ್ತಿನ ಹೆದರಿಕೆ ಅವನಿಗೆ ಬುದ್ಧಿ ಕಲಿಸಿರುತ್ತದೆ, ಸಾಕು.

ಆಗಲೇ ಫೋನ್ ಬಂತು. ತಮ್ಮನದು. ಎತ್ತಿದೆ.

"ಅಕ್ಕಾ, ಎಲ್ಲಿದೀಯ? ನಿಂತ್ಯಾ? ನೀನು ನಿಂತೇ ನಿಲ್ತೀಯ ಅಂತ ಗೊತ್ತಿತ್ತು ಬಿಡು!" ಏದುಸಿರಿನ ನಡುವೆ ನಗುತ್ತಿದ್ದ. "ಒಬ್ಬ ಪೊಲೀಸ್ ಬೆನ್ನಿಗೆ ಬಿದ್ದಿದ್ದ. ಏನು ಹಾರ್ನ್, ಏನು ಹಾರ್ನ್! ಕೊನೆಗೆ ಸುಸ್ತಾಗಿ ಕೈಬಿಟ್ಟ. ನೋಡಿದ್ಯಾ? ಕ್ಯಾಪ್ಟನ್ ಹೇಳಿದ್ದೇ ನಿಜ ಆಯ್ತು."

"ಅದು ನಾನು ಕಣೋ."

"ಏನು?"

"ಹಿಂದೆ ಬಂದಿದ್ದು ನಾನು. ಹಾರ್ನ್ ಹೊಡೆದಿದ್ದೂ ನಾನು. ನೀನು ಸಾಯ್ತೀಯ ಅಂತ ನಾನೇ ಗಾಡಿ ನಿಲ್ಲಿಸಿದೆ. ನಿನ್ನ ಕ್ಯಾಪ್ಟನ್ ಬ್ಯಾರಿಕೇಡ್ ಹತ್ರ ಕೈಕಟ್ಕೊಂಡು ನಿಂತಿದಾನೆ."

ಈಗ ಅರ್ಥವಾಯಿತು ಅವನಿಗೆ, ಈಗ ತಪ್ಪಾಯಿತು ಎನ್ನುತ್ತಾನೆ ಎಂದು ಕಾದೆ.

"ಕ್ಯಾಪ್ಟನ್ ಅಣ್ಣ ಬೇಕು ಅಂತಲೇ ನಿಂತಿರ್ತಾರೆ, ನನ್ನನ್ನ ಬಿಡಿಸೋಕೆ" ಎಂದ. ಆಮೇಲೆ ಮತ್ತೆ ನಗು ಉಕ್ಕಿತು. "ಹೌದಾ ಅಕ್ಕಾ, ನಿಜವಾಗ್ಲೂ ನೀನೇನಾ? ಅಯ್ಯೋ, ನನಗೆ ಗಾಡಿ ಕಲಿಸಿದೋಳ ಕೈಲೇ ನನ್ನ ಹಿಡಿಯೋಕಾಗ್ಲಿಲ್ಲ! ಇನ್ನು ಆ ಪೊಲೀಸರ ಕೈಲಿ ಏನಾಗತ್ತೆ? ಮುಂದಿನ ವಾರ ನಾನೇ ಮುಂದೆ ಇರ್ತೀನಿ, ನೋಡ್ತಿರು."

ಅವನು ಇನ್ನೂ ಏನೇನೋ ಹೇಳುತ್ತಿದ್ದ. ನಾನು ಫೋನನ್ನು ಕಿವಿಯಿಂದ ಇಳಿಸಿದೆ, ಆಫ್ ಮಾಡಲಿಲ್ಲ. ಅವನ ಗಾಡಿ ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯಲಿ, ಅವನು ಬಸ್ಸಿಗೆ ಕಾಯಲಿ, ನನ್ನ ಮುಖ ಕಂಡರೆ ಉಗಿಯಲಿ, ಅಮ್ಮ ನನ್ನನ್ನು ಮನೆಯೊಳಗೆ ಸೇರಿಸದಿರಲಿ. ಕಾಲು ಎರಡೂ ಗಟ್ಟಿಯಾಗಿ ಅವನು ನಡೆಯುತ್ತಿದ್ದರೆ ಸಾಕು.

"ಬರ್ಕೊಳ್ಳಿ ಸರ್" ಎಂದೆ. "ಅವನು ನನ್ನ ತಮ್ಮ. ಗಾಡಿ ನಂಬರ್ ಹೇಳ್ತೀನಿ."

ಒಂದೊಂದೇ ಅಂಕಿಯನ್ನು ಬಿಡಿಸಿ ಬಿಡಿಸಿ ಹೇಳತೊಡಗಿದೆ. ಕೈಯಲ್ಲಿದ್ದ ಫೋನಿನೊಳಗೆ ನಗು ನಿಂತಿತು. "ಅಕ್ಕಾ" ಎಂದು ಕೇಳಿಸಿತು, ಆಮೇಲೆ "ಅಕ್ಕಾ, ಬೇಡ, ನಿನ್ನ ದಮ್ಮಯ್ಯ" ಎಂದು. ಕೊನೆಯ ಅಂಕಿ ಹೇಳುವಾಗ ಪಕ್ಕದಲ್ಲೇ ಸಿಮೆಂಟ್ ಲಾರಿಯೊಂದು ಸದ್ದು ಮಾಡುತ್ತ ಹೋಯಿತು. ಇನ್‌ಸ್ಪೆಕ್ಟರ್ ಪೆನ್ನು ಎತ್ತಿ ಹಿಡಿದು, ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಎಂದರು. ಲಾರಿ ಪೂರ್ತಿ ದಾಟಿಹೋಗುವವರೆಗೆ ಕಾದು, ಇಬ್ಬರಿಗೂ ಕೇಳಿಸುವಂತೆ ಇನ್ನೊಂದು ಸಲ ಹೇಳಿದೆ.