ಬಾಯಲ್ಲಿದ್ದ ಸೀಟಿ

ಸೀಟಿ ಬಾಯಲ್ಲಿತ್ತು. ಅಷ್ಟು ನಿಜ. ಅಲ್ಲಿಂದ ಮುಂದಿನದು ಹಲ್ಲುಜ್ಜುವಾಗಲೂ ಸ್ಪಷ್ಟವಾಗಲಿಲ್ಲ. ಅಥವಾ ಸ್ಪಷ್ಟವಾಗಿಯೇ ಇತ್ತು. ನೊರೆಯ ಜೊತೆ ಉಗಿದುಬಿಡಲು ಆಗಲಿಲ್ಲ, ಅಷ್ಟೇ.

"ಇವತ್ತು ಪೊಲೀಸ್‌ನೋರು ಬರ್ತಾರಲ್ವಾ? ಏನ್ ಹೇಳ್ತೀಯಾ?" ಬಚ್ಚಲ ಬಾಗಿಲಾಚೆಯಿಂದ ಗಂಡ ಕೇಳಿದ.

"ಆಗಿದ್ದನ್ನ."

"ಆಗಿದ್ದೇನು?"

ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

"ನೆನಪಿಲ್ಲ ಅಂದ್ಬಿಡು," ಗಂಡ ನೀರಿನ ಸದ್ದಿಗಿಂತ ಮೇಲೆ ಕೂಗಿದ. "ನಂಗೆ ನಮ್ಮ ಮದುವೆ ತಾರೀಕೇ ನೆನಪಿಲ್ಲ. ಯಾರಾದ್ರೂ ಜೈಲಿಗೆ ಹಾಕಿದ್ರಾ?"

ಅವಳು ನಗಲಿಲ್ಲ. ಅವನೂ ನಗುವಿಗಾಗಿ ಕಾಯಲಿಲ್ಲ.

ಶನಿವಾರ ಹುಡುಗಿಯರ ಹಾಕಿ ಫೈನಲ್ ಇತ್ತು. ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಓದುವ ಕಾಲದಲ್ಲಿ ತಾನೂ ಆಡಿದ್ದರಿಂದ ಆಗೀಗ ಅಂಪೈರ್. ಅವತ್ತು ಬರಬೇಕಿದ್ದ ಅಂಪೈರ್ ಕೈಕೊಟ್ಟಾಗ ಎದುರು ಕಾಲೇಜಿನವರೇ, "ನಿಮ್ಮ ಮೇಡಂ ಆಗ್ಲಿ, ನಿಷ್ಠುರದೋರು" ಎಂದಿದ್ದರು. ಪಂದ್ಯ ಮುಗಿಯುತ್ತ ಬಂದಾಗ ಅವಳದೇ ಕಾಲೇಜಿನ ಡಿಫೆಂಡರ್, ಎಲ್ಲರೂ ಗೋಡೆ ಎಂದು ಕರೆಯುವ ಹುಡುಗಿ, ಎದುರು ತಂಡದ ಫಾರ್ವರ್ಡ್‌ನ ದವಡೆಗೆ ಸ್ಟಿಕ್ ಬೀಸಿದಳು. ಚೆಂಡು ಆಗಲೇ ಎಲ್ಲೋ ಹೋಗಿತ್ತು. ದವಡೆ ಮುರಿಯಿತು. ಏಟು ತಿಂದ ಹುಡುಗಿಯ ತಾಯಿ ಠಾಣೆಗೆ ದೂರು ಕೊಟ್ಟರು.

ಸ್ಟಾಫ್ ರೂಮಿನಲ್ಲಿ ಅದೇ ಮಾತು. ಅವಳು ಒಳಗೆ ಬಂದರೂ ನಿಲ್ಲಲಿಲ್ಲ, ಇನ್ನಷ್ಟು ಜೋರಾಯಿತು.

"ಮೈದಾನದ ಏಟಿಗೆಲ್ಲ ಕ್ರಿಮಿನಲ್ ಕೇಸು ಅಂದ್ರೆ, ನಾಳೆ ಚೆಸ್ ಆಡೋರ್ನೂ ರಾಜನ್ನ ಕೊಂದ್ರು ಅಂತ ಒಳಗೆ ಹಾಕ್ತಾರೆ," ಎಂದರು ವಾಣಿಜ್ಯದವರು.

"ಅದೇ ಏಟು ರಸ್ತೇಲಿ ಬಿದ್ದಿದ್ರೆ? ಜರ್ಸಿ ಹಾಕ್ಕೊಂಡ್ರೆ ಕಾನೂನು ಬಿಟ್ಬಿಡುತ್ತಾ? ನಿಮ್ಮ ಮಗಳಿಗೆ ಆಗಿದ್ರೆ ಹೀಗೇ ಮಾತಾಡ್ತಿದ್ರಾ?" ಎಂದರು ಲೈಬ್ರರಿಯವರು.

"ನನ್ನ ಮಗಳು ಹಾಕಿ ಆಡಲ್ಲ."

"ಅದಕ್ಕೇ ಮಾತಾಡ್ತಿದ್ದೀರಿ."

ವಾಣಿಜ್ಯದವರು ಕುರ್ಚಿಯನ್ನು ಅವಳತ್ತ ತಿರುಗಿಸಿದರು. "ಎಲ್ಲ ಮೇಡಂ ಕೈಲಿದೆ. ವಿಸಿಲ್ ಊದಿದ ಮೇಲೆ ಹೊಡೆದಿದ್ರೆ ಅಪರಾಧ. ಊದಿಲ್ಲ ಅಂದ್ರೆ ಆಟ. ಅಲ್ವಾ ಮೇಡಂ?"

"ಲ್ಯಾಬ್ ಇದೆ," ಎಂದು ಅವಳು ಎದ್ದಳು.

ಲ್ಯಾಬಿನ ಬಾಗಿಲಲ್ಲಿ ಗೋಡೆ ನಿಂತಿದ್ದಳು. ಹತ್ತಿರದಿಂದ ಅಷ್ಟೇನೂ ದೊಡ್ಡವಳಲ್ಲ. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು.

"ಮಿಸ್, ನೀವು ಊದಿರ್ಲಿಲ್ಲ."

"ಕ್ಲಾಸಿಗೆ ಹೋಗು."

"ಊದಿದ್ರೆ ನಿಲ್ಲಿಸ್ತಿದ್ದೆ. ದೇವ್ರಾಣೆ. ಅದಕ್ಕೆ ಮೊದ್ಲೂ ಅವಳ ಹಿಮ್ಮಡಿಗೆ ಹೊಡೆದೆ. ಆಗ್ಲೂ ಊದಲಿಲ್ಲ."

"ಚೆಂಡು ಅವಳ ಹತ್ರಾನೇ ಇತ್ತು. ನಿಲ್ಲಿಸಿದ್ರೆ ಅವಳಿಗೇ ನಷ್ಟ ಆಗೋದು. ರೂಲ್ಸ್ ಗೊತ್ತಿಲ್ವಾ ನಿಂಗೆ?"

"ಗೊತ್ತು. ಕೊನೇ ಸಲ ಚೆಂಡು ಇರ್ಲಿಲ್ಲ." ಗೋಡೆ ತಲೆಯೆತ್ತಿದಳು. "ಸ್ಟಿಕ್ ಎತ್ತಿ ನಿಮ್ಮ ಮುಖ ನೋಡ್ದೆ ಮಿಸ್. ನೀವು ನೋಡ್ತಿದ್ರಿ. ನಂಗಿಂತ ಜಾಸ್ತಿ ನಿಮಗೇ ಬೇಕಿತ್ತು ಅನ್ನೋ ಹಾಗೆ."

"ನಾಲಿಗೆ ಉದ್ದ ಆಯ್ತು."

"ಜೈಲಿಗೆ ಹೋಗೋಳು ನಾನು ಮಿಸ್. ನಾಲಿಗೆಯಾದ್ರೂ ಉದ್ದ ಇರ್ಲಿ."

ಅವಳು ಲ್ಯಾಬಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಫಾರ್ವರ್ಡ್ ಚೆಲುವೆ, ಓಡುವಾಗಲೂ ನಗುತ್ತಿದ್ದಳು. ಮೊದಲರ್ಧದಲ್ಲಿ ಒಂದು ತೀರ್ಪು ತಪ್ಪೆನಿಸಿದಾಗ ಗೆಳತಿಯರತ್ತ ತಿರುಗಿ, "ಅಂಪೈರಮ್ಮಂಗೆ ಯಾರಾದ್ರೂ ಕನ್ನಡಕ ಕೊಡ್ಸ್ರೇ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಪ್ರೇಕ್ಷಕರಲ್ಲೂ ಯಾರೋ. ಇಷ್ಟೇ. ತಾನು ಓದಿದವಳು, ಮಕ್ಕಳಿಗೆ ಅಳೆದು ಸುರಿಯುವುದನ್ನು ಕಲಿಸುವವಳು, ಇಷ್ಟಕ್ಕೆ.

ಅವತ್ತು ಗೋಡೆಯ ಸ್ಟಿಕ್ ಮೇಲೆದ್ದಾಗ ಅವಳು ಸೀಟಿಯನ್ನು ಬಾಯಿಗಿಟ್ಟಳು. ಉಸಿರೂ ಎಳೆದುಕೊಂಡಳು. ಆಮೇಲೆ, ಒಂದೇ ಒಂದು ಗಳಿಗೆ, ಬೀಳಲಿ ಅನ್ನಿಸಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಇನ್ಸ್‌ಪೆಕ್ಟರ್ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮೂಲೆಯಲ್ಲಿ ಹುಡುಗಿಯ ತಾಯಿ. ಯಾರೋ ಕೊಟ್ಟ ಚಹಾ ಮುಂದೆ ಕೆನೆಗಟ್ಟಿತ್ತು.

"ನಮ್ಮ ಮೇಡಂ ಬಹಳ ಅನುಭವಿ," ಎಂದರು ಪ್ರಿನ್ಸಿಪಾಲರು. "ಆಟ ಅಂದ್ಮೇಲೆ ಇಂಥದ್ದೆಲ್ಲ ಇದ್ದದ್ದೇ ಅನ್ನೋದು ಅವರಿಗೂ ಗೊತ್ತು."

"ಅದನ್ನ ಅವರೇ ಹೇಳ್ಲಿ ಸಾರ್," ಎಂದರು ಇನ್ಸ್‌ಪೆಕ್ಟರ್. "ಊದಿದ್ರಾ ಮೇಡಂ?"

"ಗದ್ದಲ ಇತ್ತು."

"ಗದ್ದಲ ಊದಲ್ಲವಲ್ಲ. ನೀವು?"

"ವಿಸಿಲ್ ಬಾಯಲ್ಲಿತ್ತು."

"ಹೌದು, ಬಾಯಲ್ಲಿತ್ತು," ಎಂದರು ತಾಯಿ. ಎಲ್ಲರೂ ಆ ಕಡೆ ತಿರುಗಿದರು. "ನನ್ನ ಮಗಳೂ ಅದನ್ನೇ ಹೇಳ್ತಾಳೆ. ಹೇಳೋದೇನು, ದವಡೆಗೆ ತಂತಿ ಬಿಗಿದಿದ್ದಾರೆ, ಸನ್ನೆ ಮಾಡ್ತಾಳೆ. ಮೇಡಂ ಬಾಯಿಗೆ ವಿಸಿಲ್ ಹೋಗಿದ್ದು ನೋಡಿ ನಿಂತ್ಬಿಟ್ಟಳಂತೆ. ಸದ್ದಿಗೆ ಕಾಯ್ಲಿಲ್ಲ. ಸ್ಟಿಕ್ ಇಳಿಸಿ, ಹೀಗೆ, ಸುಮ್ನೆ ನಿಂತಳು." ಆಕೆ ಎರಡೂ ಕೈ ಇಳಿಬಿಟ್ಟು ತೋರಿಸಿದರು. "ನಿಲ್ಲದೇ ಓಡಿದ್ರೆ ಏಟು ಬೀಳ್ತಿರ್ಲಿಲ್ಲ. ನಿಮ್ಮನ್ನ ನಂಬಿದ್ಲು, ತಾಯಿ."

ತಾಯಿ ಎಂಬ ಮಾತು ಬೈಗುಳದ ಹಾಗೆ ಬಂದು ತಾಗಿತು. ಅವಳು ಫ್ಯಾನಿನ ಕಡೆ ನೋಡಿದಳು.

"ಒಂದು ಕೆಲ್ಸ ಮಾಡೋಣ," ಇನ್ಸ್‌ಪೆಕ್ಟರ್ ಎದ್ದರು. "ಆ ತುದೀಲಿದ್ದ ಇನ್ನೊಬ್ಬ ಅಂಪೈರ್ ಏನೂ ಕೇಳಿಸ್ಲಿಲ್ಲ ಅಂತಿದ್ದಾರೆ. ಮೈದಾನಕ್ಕೆ ಬನ್ನಿ. ಅವತ್ತಿನ ಜಾಗದಲ್ಲೇ ನಿಂತು ಊದಿ, ಆ ತುದಿಗೆ ಕೇಳಿಸುತ್ತಾ ನೋಡೋಣ. ಆಮೇಲೆ ಊದಿದ್ರೋ ಇಲ್ವೋ ಹೇಳಿ."

ಮೈದಾನದಲ್ಲಿ ಅಭ್ಯಾಸ ನಡೆದಿತ್ತು. ಗೋಡೆಯೂ ಇದ್ದಳು, ಅವಳನ್ನು ಆಡಿಸಬಾರದೆಂದು ಯಾರಿಗೂ ಹೊಳೆದಿರಲಿಲ್ಲ. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಪ್ರಿನ್ಸಿಪಾಲರು ಗೆರೆಯಾಚೆ ನೆರಳು ಹುಡುಕಿ ನಿಂತರು. ತಾಯಿ ಬಿಸಿಲಲ್ಲೇ ನಿಂತರು. ದೂರದ ತುದಿಯಲ್ಲಿ ಪೇದೆಯೊಬ್ಬ ಕೈಯೆತ್ತಿ, ತಯಾರು ಎಂದ.

ಅವಳು ಕೊರಳ ದಾರ ಎಳೆದು ಸೀಟಿಯನ್ನು ಬಾಯಿಗಿಟ್ಟಳು. ಹಲ್ಲುಗಳು ತಮ್ಮ ಹಳೆಯ ಗುರುತಿನಲ್ಲಿ ಹೋಗಿ ಕೂತವು.

ಸದ್ದು ಬರುವ ಮೊದಲೇ ಹುಡುಗಿಯರು ನಿಂತುಬಿಟ್ಟರು. ಒಬ್ಬಳನ್ನು ನೋಡಿ ಇನ್ನೊಬ್ಬಳು, ಸ್ಟಿಕ್ ಇಳಿಸಿ, ಕೈ ಇಳಿಬಿಟ್ಟು, ಮುಖವನ್ನು ಅವಳತ್ತ ತಿರುಗಿಸಿ.

ಗೋಡೆ ಮಾತ್ರ ಸ್ಟಿಕ್ ಇಳಿಸಲಿಲ್ಲ. ಭುಜದ ಮೇಲಕ್ಕೆ ಎತ್ತಿ ಹಿಡಿದವಳು ಹಾಗೇ ನಿಂತು ಅವಳ ಮುಖ ನೋಡಿದಳು.

"ಊದಿ ಮೇಡಂ," ಎಂದರು ಇನ್ಸ್‌ಪೆಕ್ಟರ್.

ಎದೆಯ ತುಂಬ ಉಸಿರಿತ್ತು. ನಾಲಿಗೆ ಸೀಟಿಯ ತೂತಿಗೆ ಅಡ್ಡ ಬಂದು ಕೂತಿತ್ತು. ಯಾರೂ ಮುಟ್ಟದ ಚೆಂಡು, ನಿಂತವರ ಕಾಲುಗಳ ನಡುವೆ ಒಂದೇ ಸಮನೆ ಉರುಳುತ್ತ, ಗೆರೆ ದಾಟಿ, ಇನ್ನೂ ಉರುಳುತ್ತಿತ್ತು.